ಲವಂಗದ ಕಣ್ಣಿನ ಗಿಣಿ

ನಿನ್ನೆ ಸಂಜೆ ಕೆ.ಆರ್. ಪೇಟೆಯಿಂದ ಪಾಂಡವಪುರದ ಮೇಲೆ ಬಂದ ಬಸ್ಸಿನ ಕಂಡಕ್ಟರು ಶ್ರೀರಂಗಪಟ್ಟಣದ ಸ್ಟ್ಯಾಂಡಿನಲ್ಲಿ ನನ್ನ ಕೈಗೊಂದು ಸ್ಟೀಲ್ ಡಬ್ಬಿ ಕೊಟ್ಟರು. "ಏನಮ್ಮ ಐತೆ ಇದ್ರೊಳಗೆ? ದಾರಿ ಉದ್ದಕ್ಕೂ ಲೊಟಲೊಟ ಅಂತಿತ್ತು" ಎಂದು ಕೇಳಿದರು. ಗಿಣಿ ಎಂದೆ. ಅವರು ಒಮ್ಮೆ ಡಬ್ಬಿಯನ್ನೂ ಒಮ್ಮೆ ನನ್ನನ್ನೂ ನೋಡಿ, ಮುಂದೆ ಏನೂ ಕೇಳದೆ ಸೀಟಿ ಊದಿದರು. ನಾನು ನಿಜ ಹೇಳಿದಾಗಲೆಲ್ಲ ಜನ ಹೀಗೆಯೇ ಸೀಟಿ ಊದಿಕೊಂಡು ಹೊರಟುಬಿಡುತ್ತಾರೆ. ಅಭ್ಯಾಸವಾಗಿದೆ.

ಡಬ್ಬಿಯಲ್ಲಿದ್ದದ್ದು ಗಿಣಿಯೇ. ಸಕ್ಕರೆ ಅಚ್ಚಿನ ಗಿಣಿ. ಸಂಕ್ರಾಂತಿಗೆ ಎಳ್ಳಿನ ಜೊತೆ ಕೊಡುತ್ತೇವಲ್ಲ, ಅದು. ಆದರೆ ನಿಮ್ಮ ಮನೆಗೆ ಈ ವರ್ಷ ಬಂದ ಅಚ್ಚುಗಳನ್ನು ನೆನೆದುಕೊಂಡು ಇದನ್ನು ಊಹಿಸಬೇಡಿ. ಇದು ಬಿಳಿ ಇಲ್ಲ, ಹಳೆಯ ಪಂಚೆಯ ಬಣ್ಣ. ಕೊಕ್ಕು ಯಾವುದೋ ಮಳೆಗಾಲದಲ್ಲಿ ಕರಗಿಹೋಗಿದೆ. ಬಾಲ ಅರ್ಧ ಉಳಿದಿದೆ. ಇದನ್ನು ಗಿಣಿ ಎಂದು ಸಾಧಿಸಲು ಈಗ ಇರುವ ಏಕೈಕ ಆಧಾರ ಅದರ ಕಣ್ಣು. ಆ ಕಣ್ಣು ಒಂದು ಲವಂಗ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನನ್ನ ಕೈಯಾರೆ ಚುಚ್ಚಿದ್ದು. ಇವತ್ತಿಗೂ ಅಲ್ಲಾಡಿಲ್ಲ.

ಈ ಲವಂಗದ ಕತೆ ಹೇಳಬೇಕಾದರೆ ನನ್ನ ಒಂದು ಕಾಯಿಲೆಯ ವಿಷಯ ಮೊದಲು ಹೇಳಬೇಕು. ಅರಕೆರೆಯ ಶಾಲೆಯಲ್ಲಿ ನಮಗೊಬ್ಬರು ವಿಜ್ಞಾನದ ಮೇಷ್ಟ್ರಿದ್ದರು. ಹುಡುಗಿಯರು ಬಾಯಿಬಿಟ್ಟು ಮಾತಾಡುವುದನ್ನು ಕಲಿಯಬೇಕು ಎಂಬುದು ಅವರ ಹಟ. ನನ್ನನ್ನು ಹಿಡಿದು ಚರ್ಚಾಸ್ಪರ್ಧೆಗೆ ತಯಾರು ಮಾಡಿದರು. ಸೋಮವಾರ ಪರವಾಗಿ ಮಾತಾಡಿದ ವಿಷಯಕ್ಕೇ ಮಂಗಳವಾರ ವಿರುದ್ಧವಾಗಿ ಮಾತಾಡಿಸುತ್ತಿದ್ದರು. ಏನು ಹೇಳಿದರೂ, ಆಧಾರ ಏನು ಎಂದು ಕೇಳುತ್ತಿದ್ದರು. ಅವರು ಕೇಳಿದ್ದು ಶಾಲೆಯಲ್ಲಿ. ನಾನು ಅದನ್ನು ಮನೆಗೆ ತಂದೆ. ಸಾರಿಗೆ ಉಪ್ಪು ಸಾಕು ಎಂದು ಅಮ್ಮ ಹೇಳಿದರೆ ಆಧಾರ ಕೇಳಿದೆ. ನಾಳೆ ನಾಲೆಗೆ ನೀರು ಬಿಡುತ್ತಾರಂತೆ ಎಂದು ಅಪ್ಪ ಹೇಳಿದರೆ, ಯಾರು ಹೇಳಿದರು, ಅವರಿಗೆ ಯಾರು ಹೇಳಿದರು ಎಂದು ವಿಚಾರಣೆ ಮಾಡಿದೆ. ಬೀದಿಯವರು ನನಗೆ ಪಾಯಿಂಟು ಎಂದೇ ಹೆಸರಿಟ್ಟರು. "ಪಾಯಿಂಟು ಬಂದ್ಲು, ಬಾಯ್ ಮುಚ್ಕಳ್ರಪ್ಪ" ಎಂದು ಜಗಲಿಯಲ್ಲಿ ಕೂತ ಹಿರಿಯರೂ ನಗುತ್ತಿದ್ದರು. ಅದನ್ನು ನಾನು ಗೌರವವೆಂದು ತಿಳಿದಿದ್ದೆ.

ಇಂಥ ಹುಡುಗಿಗೂ ಇಬ್ಬರು ಗೆಳತಿಯರಿದ್ದರು ಎಂದರೆ ಅದು ಅವರ ದೊಡ್ಡತನ. ಒಬ್ಬಳು ಸೌಮ್ಯ. ಹೆಸರಿಗೂ ಅವಳಿಗೂ ಸಂಬಂಧವಿರಲಿಲ್ಲ. ವಾದದಲ್ಲಿ ನನಗೆ ಸೋತರೆ ನನ್ನ ಜಡೆ ಎಳೆದು ಸಮ ಮಾಡಿಕೊಳ್ಳುತ್ತಿದ್ದಳು. ಇನ್ನೊಬ್ಬಳು ನಾಗವೇಣಿ. ಇವಳು ನಮ್ಮಿಬ್ಬರ ನಡುವಿನ ಪಂಚಾಯಿತಿ. ಹೋಂವರ್ಕ್ ಮಾಡದವರು ಯಾರು ಎಂದು ಮೇಷ್ಟ್ರು ಕೇಳಿದರೆ ನಾವೆಲ್ಲ ಪುಸ್ತಕದಲ್ಲಿ ಮುಖ ಹುದುಗಿಸಿದಾಗ ತಾನಾಗಿ ಎದ್ದು ನಿಲ್ಲುವ ಹುಡುಗಿ ಅವಳು. ಬೆತ್ತದ ಏಟು ತಿಂದು ಬಂದು ಕೂತು, ಅಂಗೈಗೆ ಊದಿಕೊಳ್ಳುತ್ತಾ, ಏನೂ ಆಗದವಳಂತೆ ಬೋರ್ಡು ನೋಡುತ್ತಿದ್ದಳು. ಸಕ್ಕರೆ ಎಂದರೆ ಅವಳಿಗೆ ಪ್ರಾಣ. ಆ ವರ್ಷ ಅವಳ ತಲೆಯ ಮೇಲೊಂದು ಕತ್ತಿ ತೂಗುತ್ತಿತ್ತು. ಜೂನಿನಿಂದ ಅವಳನ್ನು ನಾಗಮಂಗಲದಲ್ಲಿ ಅವಳ ಸೋದರತ್ತೆಯ ಮನೆಯಲ್ಲಿಟ್ಟು ಓದಿಸುವ ಮಾತು ನಡೆದಿತ್ತು. ಅವಳು ಅತ್ತೂ ಕರೆದೂ ಅಮ್ಮನನ್ನು ಒಪ್ಪಿಸಿಕೊಂಡಿದ್ದಳು: ಹೇಳಿದ ಮಾತು ಕೇಳಿಕೊಂಡಿದ್ದರೆ ಇಲ್ಲೇ ಇರಬಹುದು, ಒಂದು ಸಲ ತಪ್ಪಿದರೂ ಹೊರಡಬೇಕು.

ಸಂಕ್ರಾಂತಿಗೆ ಮೊದಲಿನ ವಾರ ನಮ್ಮ ಕಡೆ ಹುಡುಗಿಯರಿಗೆ ಕೈತುಂಬ ಕೆಲಸ. ಈಗ ಶ್ರೀರಂಗಪಟ್ಟಣದ ಅಂಗಡಿಗಳಲ್ಲಿ ಎಳ್ಳಿನ ಮಿಶ್ರಣ ಸಿದ್ಧವಾಗಿ ಕವರಿನಲ್ಲೇ ಸಿಗುತ್ತದೆ. ಬೆಲ್ಲದ ಚೂರುಗಳೆಲ್ಲ ಮಿಲಿಟರಿಯವರಂತೆ ಒಂದೇ ಅಳತೆ. ಆಗ ಹಾಗಿರಲಿಲ್ಲ. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆಯಬೇಕು. ಅದನ್ನು ಅಡಕತ್ತರಿಯಲ್ಲಿ ಸಣ್ಣಗೆ ಕತ್ತರಿಸಬೇಕು. ಅಚ್ಚುಬೆಲ್ಲ ಕತ್ತರಿಸುವಾಗ ಅರ್ಧ ಚೂರು ತಟ್ಟೆಗೂ ಅರ್ಧ ಬಾಯಿಗೂ ಹಾರುತ್ತಿತ್ತು. ಕಡಲೆಕಾಯಿ ಬೀಜ ಹುರಿದು, ಉಜ್ಜಿ, ಮೊರದಲ್ಲಿ ಸಿಪ್ಪೆ ಹಾರಿಸಬೇಕು. ಎಲ್ಲವನ್ನೂ ತಾರಸಿಯ ಮೇಲೆ ಬಿಳಿ ಪಂಚೆ ಹಾಸಿ ಒಣಗಿಸಬೇಕು. ಕಾಗೆ ಕಾಯುವ ನೆಪದಲ್ಲಿ ಅದರ ಪಕ್ಕ ಕೂತು ಮಾತಾಡುವುದಿತ್ತಲ್ಲ, ಅದೇ ನಮ್ಮ ಹಬ್ಬ. ಹಬ್ಬದ ದಿನ ಬರುತ್ತಿದ್ದದ್ದು ಅದರ ಬಾಲ.

ಆ ವರ್ಷ ತಾರಸಿಯಲ್ಲಿ ನಾವಿಬ್ಬರೇ. ನಾಗವೇಣಿ ಬಂದಿರಲಿಲ್ಲ. ಅವರ ಮನೆಯ ಎಳ್ಳಿನ ಕೆಲಸವೆಲ್ಲ ಅವಳ ಮೇಲೆ ಬಿದ್ದಿದೆ ಎಂದು ಹೇಳಿ ಕಳಿಸಿದ್ದಳು. ಮಧ್ಯಸ್ಥರಿಲ್ಲದ್ದರಿಂದ ಜಗಳ ಬೇಗ ಹತ್ತಿಕೊಂಡಿತು. ಎಳ್ಳು ಕೊಡುವಾಗ ಹೇಳುವ ಮಾತು ನಿಮಗೂ ಗೊತ್ತಿದೆ. ಇದನ್ನು ತಿಂದ ಮೇಲೆ ಬಾಯಲ್ಲಿ ಒಳ್ಳೆಯದೇ ಬರಬೇಕು ಎನ್ನುವ ಕರಾರು. ಒಳ್ಳೆಯ ಮಾತೇ ಏಕೆ, ನಿಜವಾದ ಮಾತು ಎಂದು ಏಕೆ ಇಲ್ಲ ಎಂಬುದು ನನ್ನ ಮೊದಲ ತಕರಾರು. ಎರಡನೆಯದು ಇನ್ನೂ ಗಂಭೀರವಾಗಿತ್ತು. ಈ ಎಳ್ಳನ್ನು ಯಾರೂ ತಿನ್ನುವುದೇ ಇಲ್ಲ, ಆದ್ದರಿಂದ ಆ ಕರಾರು ಯಾರಿಗೂ ಅನ್ವಯಿಸುವುದಿಲ್ಲ ಎಂದೆ. ನಾವು ಆ ಮನೆಗೆ ಕೊಟ್ಟ ಕವರನ್ನು ಅವರು ಈ ಮನೆಗೆ ಕೊಡುತ್ತಾರೆ, ಇವರು ಇನ್ನೊಂದು ಮನೆಗೆ. ಊರಿನಲ್ಲಿ ನಿಜವಾಗಿ ಇರುವುದು ಒಂದೇ ಒಂದು ಸೇರು ಎಳ್ಳು, ಅದೇ ವರ್ಷವರ್ಷವೂ ಬೀದಿ ಸುತ್ತುತ್ತಿದೆ ಎಂದು ವಾದ ಮಂಡಿಸಿದೆ.

ಸೌಮ್ಯಳಿಗೆ ಇದು ತಾಗಿತು. ತಾಗಲು ಕಾರಣವಿತ್ತು. ಮೇಲುಕೋಟೆ ಕಡೆಯ ಅವಳ ಅಜ್ಜಿ ಮರದ ಅಚ್ಚುಗಳ ಗಂಟಿನೊಡನೆ ಪ್ರತಿವರ್ಷ ಬಂದು ಸಕ್ಕರೆ ಅಚ್ಚು ಹುಯ್ಯುತ್ತಿದ್ದರು. ಆ ವರ್ಷ ಅಜ್ಜಿಯ ಕೈ ನಡುಗುತ್ತಿದ್ದುದರಿಂದ, ಅವರು ಪಕ್ಕದಲ್ಲಿ ಕೂತು ಬೈಯುವುದು, ಇವಳು ಒಲೆಯ ಮುಂದೆ ನಿಂತು ಮಾಡುವುದು ಎಂದಾಗಿತ್ತು. ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿ, ಬೆಳ್ಳಗಾಗುವ ತನಕ ತಿರುವಿ, ಹದ ತಪ್ಪುವ ಮೊದಲೇ ಅಚ್ಚಿಗೆ ಸುರಿಯಬೇಕು. ಮೊದಲ ಒಬ್ಬೆ ಕಂದಾಯಿತು. ಎರಡನೆಯದು ಅಚ್ಚಿಗೇ ಕಚ್ಚಿಕೊಂಡಿತು. ಮೂರನೆಯದರಲ್ಲಿ ಒಂದು ಗಿಣಿ ಮಾತ್ರ ಕೊಕ್ಕು ಬಾಲ ಸಮೇತ ಇಡಿಯಾಗಿ ಬಿಟ್ಟುಕೊಂಡಿತು. ಸೌಮ್ಯ ಅದನ್ನು ಅಂಗೈಮೇಲಿಟ್ಟುಕೊಂಡು ಮನೆಮನೆಗೆ ತೋರಿಸಿ ಬಂದಿದ್ದಳು. ಅಂಥವಳ ಎದುರು ನಾನು, ಇದನ್ನು ಯಾರೂ ತಿನ್ನುವುದಿಲ್ಲ ಎಂದುಬಿಟ್ಟಿದ್ದೆ.

"ನಿಂದು ಬರೀ ಬಾಯಿ ಕಣಮ್ಮಿ" ಎಂದಳು. "ಆಧಾರ ಏನು?"

ನನ್ನ ಶಸ್ತ್ರವನ್ನೇ ನನ್ನ ಮೇಲೆ ಬಿಟ್ಟಾಗ ಸುಮ್ಮನಿರಲಾಗುತ್ತದೆಯೇ? ಪರೀಕ್ಷೆ ಮಾಡೋಣ ಎಂದೆ. ಗಿಣಿಗೆ ಗುರುತು ಮಾಡಿ ಕೊಟ್ಟುಬಿಡುವುದು. ತಿಂದರೆ ಅವಳು ಗೆದ್ದಂತೆ, ಯಾವುದಾದರೂ ಕವರಿನಲ್ಲಿ ತಿರುಗಿ ಬಂದರೆ ನಾನು. ಅಡಿಗೆಮನೆಯಿಂದ ಲವಂಗ ತಂದು, ಸೂಜಿಯಲ್ಲಿ ತೂತು ಮಾಡಿ, ಗಿಣಿಗೆ ಕಣ್ಣು ಕೊಟ್ಟೆ. ಸೌಮ್ಯ ಅಳೆದೂ ತೂಗಿ, ಊರಿನಲ್ಲಿ ಖಂಡಿತ ತಿಂದೇ ತಿನ್ನುವ, ತಿಂದದ್ದನ್ನು ತಿಂದೆ ಎಂದೇ ಹೇಳುವ ಒಬ್ಬಳನ್ನು ಆರಿಸಿದಳು. ಅದು ಯಾರೆಂದು ನೀವು ಊಹಿಸಿರುತ್ತೀರಿ. ನಾನೂ ತಕ್ಷಣ ಒಪ್ಪಿದೆ. ನಾಗವೇಣಿಗಿಂತ ಒಳ್ಳೆಯ ಸಾಕ್ಷಿ ನನಗೂ ತೋಚಲಿಲ್ಲ. ಅವಳಿಗೆ ಮಾತ್ರ ವಿಷಯ ತಿಳಿಸುವುದು ಬೇಡ ಎಂದುಕೊಂಡೆವು.

ಹಬ್ಬದ ಬೆಳಿಗ್ಗೆ ನಾಗವೇಣಿ ಸೌಮ್ಯಳ ಮನೆಗೆ ಬಂದಳು. ಹೋದ ವರ್ಷದ ಲಂಗ, ಕಣಕಾಲಿಗಿಂತ ಮೇಲೆ ಬಂದಿತ್ತು. ಕೈಯಲ್ಲಿ ಟವೆಲು ಮುಚ್ಚಿದ ತಟ್ಟೆ. ತಮ್ಮ ಮನೆಯ ಎಳ್ಳನ್ನು ಅವ್ವ ಇನ್ನೂ ಕವರಿಗೆ ತುಂಬುತ್ತಿದ್ದಾರೆ, ನಿಮ್ಮದು ಕೊಟ್ಟಿರಿ, ನಮ್ಮದು ಆಮೇಲೆ ತರುತ್ತೇನೆ ಎಂದಳಂತೆ. ನಮ್ಮ ಮನೆಗೂ ಬಂದು ಹಾಗೆಯೇ ಹೇಳಿ ಒಂದು ಕವರು ತೆಗೆದುಕೊಂಡು ಹೋದಳು. ಸೌಮ್ಯ ಕೊಟ್ಟ ಕವರಿನಲ್ಲಿ ಗಿಣಿ ಲವಂಗದ ಕಣ್ಣು ಬಿಟ್ಟುಕೊಂಡು ಕೂತಿತ್ತು. ನಾಲೆ ಪಕ್ಕದ ಬೀದಿ ತನಗೆ, ದೇವಸ್ಥಾನದ ಬೀದಿ ನಮಗೆ ಎಂದು ನಾಗವೇಣಿಯೇ ಹಂಚಿದಳು. ಒಂದೇ ಮನೆಗೆ ಮೂವರೂ ನುಗ್ಗುವುದು ಬೇಡ ಎಂಬ ಅವಳ ಮಾತಿನಲ್ಲಿ ತಪ್ಪು ಕಾಣಲಿಲ್ಲ.

ಮಧ್ಯಾಹ್ನ ನಮ್ಮ ಜಗಲಿಯ ಮೇಲೆ ಮೂವರೂ ತಟ್ಟೆ ಇಳಿಸಿದೆವು. ಅವಳ ತಟ್ಟೆ ನಮ್ಮೆರಡಕ್ಕಿಂತ ತುಂಬಿತ್ತು: ಕವರುಗಳು, ಬಾಳೆಹಣ್ಣು, ಕಬ್ಬಿನ ತುಂಡು. ಸೌಮ್ಯ ಇನ್ನು ತಡೆಯಲಾರದೆ, ಗಿಣಿ ಏನಾಯಿತು ಎಂದು ಕೇಳಿದಳು. ನಾಗವೇಣಿ ಸಿಗಿಯುತ್ತಿದ್ದ ಕಬ್ಬನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡಳು.

"ತಿಂದೆ ಕಣಮ್ಮಿ. ಸಂದಾಗಿತ್ತು" ಎಂದಳು. "ಕಣ್ಣು ಮಾತ್ರ ಒಸಿ ಕಾರ ಇತ್ತು."

ಕಣ್ಣು ಕಾರ ಇತ್ತು. ಇದಾದ ಮೇಲೆ ಯಾವ ತೀರ್ಪುಗಾರರು ನನ್ನ ಪರ ನಿಲ್ಲುತ್ತಾರೆ? ಸೌಮ್ಯ ನನ್ನ ಕಡೆ ನೋಡಿದ ನೋಟವನ್ನು ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ. ನಾನು ಸೋತೆನೆಂದು ಒಪ್ಪಿಕೊಂಡೆ. ಈಗ ನಾನೇ ಕಾಲೇಜಿನ ಮಕ್ಕಳಿಗೆ ಚರ್ಚೆ ಹೇಳಿಕೊಡುತ್ತೇನೆ. ಒಂದು ಸಣ್ಣ ವಿವರ ಇಡೀ ಮಾತನ್ನು ಹೇಗೆ ನಂಬಿಸಿಬಿಡುತ್ತದೆ ಎಂದು ವಿವರಿಸುವಾಗಲೆಲ್ಲ ಆ ಲವಂಗ ನಾಲಿಗೆಯ ತುದಿಗೆ ಬರುತ್ತದೆ.

ಸಂಜೆ ಗಂಡಸರೆಲ್ಲ ದನಗಳಿಗೆ ಬಣ್ಣ ಹಚ್ಚಿ, ಕಿಚ್ಚು ಹಾಯಿಸಲು ಊರ ಮುಂದೆ ಹೊಡೆದುಕೊಂಡು ಹೋದರು. ಆ ಹೊತ್ತಿಗೆ ನಮ್ಮ ಮನೆಗೆ ಗೌರತ್ತೆ ಬಂದರು. ನಾಲೆ ಪಕ್ಕದ ಬೀದಿಯವರು. ಸಂಬಂಧದಲ್ಲಿ ಯಾರಿಗೂ ಅತ್ತೆಯಲ್ಲ, ಬಾಯಲ್ಲಿ ಎಲ್ಲರಿಗೂ ಅತ್ತೆ. ತಮ್ಮ ಎಳ್ಳಿನ ಒಂದೊಂದು ಕಾಳೂ ತಮ್ಮ ಕೈಯಲ್ಲೇ ಆದದ್ದು, ಊರಲ್ಲಿ ಇನ್ನು ಯಾರಿಗೂ ಆ ಶ್ರದ್ಧೆ ಇಲ್ಲ ಎಂಬುದು ಅವರು ಪ್ರತಿ ಹಬ್ಬದಲ್ಲೂ ಹೇಳುವ ಮಾತು. ಅದನ್ನು ಹೇಳಿ, ಅಮ್ಮನಿಗೆ ಕುಂಕುಮ ಕೊಟ್ಟು, ಕವರು ಕೊಟ್ಟು ಹೋದರು. ಅವರು ಗೇಟು ದಾಟುವ ಮೊದಲೇ ನಾನು ಕವರು ಬಿಚ್ಚಿದೆ. ಎಳ್ಳಿನ ನಡುವಿನಿಂದ ಗಿಣಿ ನನ್ನನ್ನು ನೋಡಿತು.

ಮೊದಲು ಆದದ್ದು ಸಂತೋಷ. ಅದನ್ನು ಮುಚ್ಚಿಡುವುದಿಲ್ಲ. ಗೆದ್ದೆ ಎಂದುಕೊಂಡು ಗಿಣಿಯನ್ನು ಮುಷ್ಟಿಯಲ್ಲಿ ಹಿಡಿದು ಸೌಮ್ಯಳ ಮನೆಗೆ ಓಡಿದೆ. ಅರ್ಧ ಬೀದಿ ಓಡಿದ ಮೇಲೆ ಕಾಲು ತಾನಾಗಿ ನಿಧಾನವಾಯಿತು. ಗಿಣಿ ಇಡಿಯಾಗಿ ನನ್ನ ಕೈಯಲ್ಲಿದ್ದರೆ, ಕಣ್ಣು ಕಾರ ಇತ್ತು ಎಂದವಳು ಯಾರು?

ಸೌಮ್ಯ ನನ್ನ ಗೆಲುವಿನ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಗಿಣಿಯನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದು, ತಲೆಕೆಳಗೆ ಮಾಡಿ, ಬೆನ್ನು ಹೊಟ್ಟೆಯೆಲ್ಲ ನೋಡಿದಳು. ಏನು ಹುಡುಕುತ್ತಿದ್ದಾಳೆಂದು ನನಗೆ ತಿಳಿಯಲಿಲ್ಲ.

"ಒಂದ್ ಕಡೆನಾದ್ರೂ ನೆಕ್ಕವ್ಳಾ ನೋಡಮ್ಮಿ" ಎಂದಳು.

ನೆಕ್ಕಿರಲಿಲ್ಲ. ಸೌಮ್ಯ ಅಳುವ ಹುಡುಗಿಯಲ್ಲ. ಮೂಗು ಮಾತ್ರ ಒಂದು ಸಲ ಏರಿಸಿ, ಹೋಗಿ ಕೇಳಿಯೇ ಬಿಡೋಣ ಎಂದು ಚಪ್ಪಲಿ ಮೆಟ್ಟಿದಳು.

ನಾಗವೇಣಿ ಸಿಕ್ಕಿದ್ದು ನಾಲೆಯ ಮೆಟ್ಟಿಲ ಮೇಲೆ. ಲಂಗ ಎತ್ತಿಕಟ್ಟಿಕೊಂಡು ತಟ್ಟೆ ತೊಳೆಯುತ್ತಿದ್ದಳು. ತಟ್ಟೆಯಲ್ಲಿ ಕುಂಕುಮದ ಕಲೆಯೊಂದೂ ಉಳಿಯದಂತೆ ಮಣ್ಣು ಹಾಕಿ ಉಜ್ಜುತ್ತಿದ್ದಳು. ನಾನು ದಾರಿಯಲ್ಲೇ ಪ್ರಶ್ನೆಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದೆ. ಮೊದಲನೆಯದಕ್ಕೆ ಹೀಗೆ ಹೇಳಿದರೆ ಎರಡನೆಯದರಲ್ಲಿ ಹಿಡಿಯುವುದು, ಹಾಗೆ ಹೇಳಿದರೆ ಮೂರನೆಯದರಲ್ಲಿ. ಒಂದನ್ನೂ ಕೇಳಲಾಗಲಿಲ್ಲ. ಗಿಣಿಯನ್ನು ನೋಡಿದ ಕೂಡಲೇ ಅವಳು, "ಊಂ ಕಣಮ್ಮಿ, ಕೊಟ್ಬುಟ್ಟೆ. ತಿಂದೆ ಅಂದಿದ್ದು ಸುಳ್ಳು" ಎಂದಳು.

ಎದುರಾಳಿ ಮೊದಲ ಮಾತಿಗೇ ಒಪ್ಪಿಕೊಂಡರೆ ಏನು ಮಾಡಬೇಕೆಂದು ಮೇಷ್ಟ್ರು ನನಗೆ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಅವಳೇ ಎಲ್ಲವನ್ನೂ ಹೇಳಿದಳು. ನಾಗಮಂಗಲದಲ್ಲಿದ್ದ ಅವರ ಚಿಕ್ಕ ತಾತ, ಅಂದರೆ ಅವಳ ತಾತನ ತಮ್ಮ, ಕಾರ್ತಿಕದಲ್ಲಿ ತೀರಿಕೊಂಡಿದ್ದರು. ಒಂದೇ ಮನೆತನವಾದ್ದರಿಂದ ಇವರ ಮನೆಯಲ್ಲೂ ವರ್ಷವಿಡೀ ಹಬ್ಬವಿಲ್ಲ. ಎಳ್ಳು ಹುರಿಯುವಂತಿಲ್ಲ, ಕೊಡುವಂತಿಲ್ಲ, ಕೊಟ್ಟದ್ದನ್ನು ತರುವಂತಿಲ್ಲ. ದೂರದ ಊರಿನ ಸಾವಾದ್ದರಿಂದ ಅರಕೆರೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ತಾತನನ್ನು ನಾಗವೇಣಿ ನೋಡಿದ್ದು ಎರಡೋ ಮೂರೋ ಸಲ, ಪ್ರತಿ ಸಲವೂ ಅವರು ನಿದ್ದೆ ಮಾಡುತ್ತಿದ್ದರಂತೆ. ಸೌಮ್ಯಳ ಜೊತೆ ಸುಮ್ಮನೆ ಓಡಾಡಿಕೊಂಡು ಬರುತ್ತೇನೆ, ಏನೂ ಮುಟ್ಟುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟು ಮನೆಯಿಂದ ಹೊರಟಿದ್ದಳು. ಟವೆಲು ಮುಚ್ಚಿಕೊಂಡು ಬಂದದ್ದು ಹಿತ್ತಲಿನಿಂದ ಅಮ್ಮನಿಗೆ ಕಾಣದಂತೆ ಎತ್ತಿಕೊಂಡ ಖಾಲಿ ತಟ್ಟೆ.

"ನೀವೆಲ್ಲ ತಟ್ಟೆ ಇಡ್ಕಂಡು ಓಗ್ತಿರ್ತೀರಿ, ನಾನೊಬ್ಳೇ ಕಿಟಕೀಲಿ ಕುಂತ್ಕಂಡು ನೋಡ್ಬೇಕಾ?" ಎಂದಳು. ಆಮೇಲೆ ಸೌಮ್ಯಳ ಕಡೆ ತಿರುಗಿ ಸಣ್ಣಗೆ ಹೇಳಿದಳು: "ಆ ಗಿಣಿ ನಂಗೇ ಇಟ್ಕಬೇಕು ಅಂತಿತ್ತು ಕಣಮ್ಮಿ. ಆದ್ರೆ ಕೈಲಿದ್ದಿದ್ದು ಎರಡೇ ಕವರು. ಅದೂ ಕೊಡದಿದ್ರೆ ಮುಂದಿನ ಮನೇಗೆ ಏನ್ ಕೊಡ್ಲಿ?"

ಆ ಲೆಕ್ಕಾಚಾರಕ್ಕೆ ನಾನು ಮನಸ್ಸಿನಲ್ಲೇ ತಲೆಬಾಗಿದೆ. ನಮ್ಮೆರಡು ಮನೆಯ ಕವರಿನಿಂದ ಶುರು ಮಾಡಿ, ಒಂದು ಮನೆಯಲ್ಲಿ ಕೊಟ್ಟು ಅಲ್ಲೇ ಒಂದು ತೆಗೆದುಕೊಂಡು, ಅದನ್ನು ಮುಂದಿನ ಮನೆಗೆ ಕೊಟ್ಟು, ಒಂದು ಕಾಳು ಎಳ್ಳನ್ನೂ ಹುರಿಯದೆ ಇಡೀ ಬೀದಿ ಮುಗಿಸಿದ್ದಳು. ಕೆಲವು ಮನೆಯವರು ಹುಡುಗಿ ಮುದ್ದಾಗಿದ್ದಾಳೆಂದು ಎರಡೆರಡು ಕವರು ಕೊಟ್ಟಿದ್ದರಿಂದ ತಟ್ಟೆಯೂ ತುಂಬಿತ್ತು. ಮನೆಗೆ ಒಯ್ಯುವಂತಿಲ್ಲದ್ದರಿಂದ ಉಳಿದದ್ದನ್ನು ದಾರಿಯ ಮಕ್ಕಳಿಗೆ ಹಂಚಿ ಬಂದಿದ್ದಳು. ನಾನು ತಾರಸಿಯ ಮೇಲೆ ಬಾಯಲ್ಲಿ ಹೇಳಿದ್ದನ್ನು ಅವಳು ಬೀದಿಯಲ್ಲಿ ಮಾಡಿ ತೋರಿಸಿದ್ದಳು. ಸೌಮ್ಯ ಇನ್ನೂ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದು, ಕೊನೆಗೆ ತಟ್ಟೆಯ ಇನ್ನೊಂದು ಅಂಚು ಹಿಡಿದು ತಾನೂ ಉಜ್ಜಲು ಕೂತಳು. ಅವರಮ್ಮನಿಗೆ ತಿಳಿದರೆ ಜೂನಿನಲ್ಲಿ ಗಂಟು ಕಟ್ಟುವುದೇ ಎಂದು ಮೂವರಿಗೂ ಗೊತ್ತಿತ್ತು. ಯಾರೂ ಬಾಯಿಬಿಡಕೂಡದು ಎಂದು ನಿಶ್ಚಯ ಮಾಡಿಕೊಂಡು ನಮ್ಮ ಮನೆಗೆ ಬಂದೆವು.

ಬಂದರೆ ಜಗಲಿಯ ಮೇಲೆ ಗೌರತ್ತೆ. ಮತ್ತೆ ಬಂದಿದ್ದರು. ನಾಗಮಂಗಲದಲ್ಲಿರುವ ಅವರ ತಂಗಿ ಹಬ್ಬದ ದಿನವೆಂದು ಫೋನು ಮಾಡಿದ್ದಳಂತೆ. ಮಾತಿನ ನಡುವೆ ಆ ಮುದುಕರ ಸಾವಿನ ವಿಷಯ ಬಂದಿದೆ, ನಿಮ್ಮೂರಲ್ಲೂ ಅವರ ಮನೆಯವರಿದ್ದಾರಲ್ಲ ಎಂದಿದ್ದಾಳೆ. ಗೌರತ್ತೆ ಫೋನು ಇಟ್ಟವರೇ ಹೊರಟಿದ್ದಾರೆ.

"ಸಾವಾದ ಮನೆ ಎಳ್ಳ ತಂದು ನನ್ನ ಮಡ್ಲಿಗೆ ಆಕ್ಬುಟ್ಳಲ್ಲವ್ವ, ಆ ಮಗು" ಎಂದು ಅಮ್ಮನ ಮುಂದೆ ಹೇಳಿಕೊಳ್ಳುತ್ತಿದ್ದರು. ನಾಗವೇಣಿಯ ಅಮ್ಮನನ್ನು ಕೇಳಿಯೇ ತೀರುವುದಾಗಿ ಹೊರಟವರು ದಾರಿಯಲ್ಲಿ ನಮ್ಮ ಮನೆ ಹೊಕ್ಕಿದ್ದರು. ನಾಗವೇಣಿ ಗೇಟಿನಾಚೆ, ದಾಸವಾಳದ ಗಿಡದ ಮರೆಯಲ್ಲೇ ನಿಂತುಬಿಟ್ಟಳು.

ಜೀವನದಲ್ಲಿ ನಾನು ಆಮೇಲೆ ಹಲವು ವೇದಿಕೆ ಹತ್ತಿದ್ದೇನೆ. ಗೌರತ್ತೆಯಂಥ ಎದುರಾಳಿ ಎಲ್ಲಿಯೂ ಸಿಕ್ಕಿಲ್ಲ. ಗಿಣಿಯನ್ನು ಗೌರತ್ತೆಯ ಮುಂದೆ, ಜಗಲಿಯ ಕಲ್ಲಿನ ಮೇಲೆ ಇಟ್ಟೆ. ಇದನ್ನು ಮಾಡಿದವಳು ಸೌಮ್ಯ, ಕಣ್ಣು ಚುಚ್ಚಿದವಳು ನಾನು, ಇಂಥದ್ದು ಊರಿನಲ್ಲಿ ಇನ್ನೊಂದಿಲ್ಲ ಎಂದು ಮೊದಲು ಸ್ಥಾಪಿಸಿದೆ. ಸೌಮ್ಯ ಇದನ್ನು ನಾಗವೇಣಿಗೆ ಕೊಟ್ಟಳು, ನಾಗವೇಣಿ ನಿಮಗೆ ಕೊಟ್ಟಳು. ಹಾಗಾಗಿ ನಿಮ್ಮ ಮಡಿಲಿಗೆ ಬಿದ್ದದ್ದು ಸೌಮ್ಯಳ ಮನೆಯ ಎಳ್ಳು. ನಾಗವೇಣಿಯ ಮನೆಯಲ್ಲಿ ಈ ವರ್ಷ ಎಳ್ಳು ಹುರಿದೇ ಇಲ್ಲ, ಆದ್ದರಿಂದ ಆ ಮನೆಯ ಎಳ್ಳು ಎಂಬುದೇ ಇಲ್ಲ. ಇಲ್ಲದ್ದರಿಂದ ಮೈಲಿಗೆ ಹೇಗೆ ಆಗುತ್ತದೆ? ಮುಟ್ಟಿದ ಕೈಯಿಂದ ಎನ್ನುವುದಾದರೆ, ಅದೇ ಮನೆಯಿಂದ ನಿಮಗೆ ದಿನಾ ಬೆಳಿಗ್ಗೆ ಹಾಲು ಬರುತ್ತದೆ, ಕಾರ್ತಿಕದಿಂದಲೂ ಬಂದಿದೆ.

ಇಲ್ಲಿಗೆ ನಿಲ್ಲಿಸಿದ್ದರೂ ಸಾಕಿತ್ತು. ಆದರೆ ಕೊನೆಯ ಪಾಯಿಂಟೊಂದು ಉಳಿದಿತ್ತಲ್ಲ, ಅದನ್ನು ಬಿಟ್ಟರೆ ನಾನು ಪಾಯಿಂಟು ಹೇಗಾದೇನು?

"ಈ ಗಿಣಿ ನಮ್ಮನೇಗೆ ತಂದ್ಕೊಟ್ಟೋರು ನೀವೇ ಅಲ್ವಾ, ಅತ್ತೆ?" ಎಂದೆ.

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಒಂದೊಂದು ಕಾಳೂ ಸ್ವಂತ ಕೈಯದು ಎಂದು ಬೀದಿಗೆಲ್ಲ ಸಾರಿದ ಗೌರತ್ತೆ ಗಿಣಿಯನ್ನು ನೋಡಿದರು, ಗಿಣಿ ಅವರನ್ನು ನೋಡಿತು. ದೂರದಲ್ಲಿ ಕಿಚ್ಚು ಹತ್ತಿಸಿದ ಕೇಕೆ ಕೇಳಿಸುತ್ತಿತ್ತು. ಅವರು ಗಿಣಿಯನ್ನು ಬೆರಳ ತುದಿಯಿಂದ ನನ್ನ ಕಡೆ ಸರಿಸಿ, "ನಿಮ್ಮ ಮೇಷ್ಟ್ರು ನಿಂಗೆ ಇದ್ನೇ ಏನಮ್ಮಿ ಏಳ್ಕೊಡೋದು?" ಎಂದರು. ಎದ್ದು ಸೀರೆ ಕೊಡವಿಕೊಂಡರು. "ನಾನೂ ಯಾರ್‌ಗೂ ಏಳಕಿಲ್ಲ. ನೀನೂ ಏಳ್ಬೇಡ."

ಅವರು ಹೋದ ಮೇಲೆ ನಾನು ಗೆದ್ದ ಖುಷಿಯಲ್ಲಿ ನಾಗವೇಣಿಯ ಬೆನ್ನ ಮೇಲೆ ಬಡಿದೆ. ಅವಳನ್ನು ಹಿಡಿಯಲೆಂದು ಮಾಡಿದ್ದ ಗುರುತೇ ಅವಳನ್ನು ಬಿಡಿಸಿತ್ತು. ಅವಳು ನಕ್ಕಳು, ಆದರೆ ಪೂರ್ತಿ ನಗಲಿಲ್ಲ.

ಮಾರನೆಯ ದಿನ ಶಾಲೆಗೆ ಹೋಗುವ ದಾರಿಯಲ್ಲಿ ಅವಳು ಹೇಳಿದ್ದು ಕೇಳಿ ನಾನೂ ಸೌಮ್ಯಳೂ ನಡುಬೀದಿಯಲ್ಲಿ ನಿಂತೆವು. ಬೆಳಿಗ್ಗೆ ಎದ್ದು, ಕೊಟ್ಟಿಗೆಗೆ ಹೋಗಿ, ಹಾಲು ಕರೆಯುತ್ತಿದ್ದ ಅಮ್ಮನಿಗೆ ಎಲ್ಲವನ್ನೂ ತಾನೇ ಹೇಳಿಬಿಟ್ಟಿದ್ದಳು. ತಟ್ಟೆ, ಕವರು, ಗಿಣಿ, ಎಲ್ಲ. ನಾನು ರೇಗಿದೆ. ಅಷ್ಟು ಕಷ್ಟಪಟ್ಟು ಗೆದ್ದುಕೊಟ್ಟ ಮೊಕದ್ದಮೆಯನ್ನು ಹೀಗೆ ಹೋಗಿ ಸೋತು ಬರುತ್ತಾರೆಯೇ ಎಂದು ಕೂಗಾಡಿದೆ.

"ನೀನು ಗೆದ್ದೆ ಸರಿ ಕಣಮ್ಮಿ" ಎಂದಳು ನಾಗವೇಣಿ. "ಆದ್ರೆ ನಾನು ಅವ್ವಂಗೆ ಏಳಿದ್ದ ಸುಳ್ಳು ಅಂಗೇ ಇತ್ತಲ್ಲ."

ಅವರಮ್ಮ ಬೈಯಲಿಲ್ಲವಂತೆ. ಕೆಚ್ಚಲು ಬರಿದಾಗುವವರೆಗೂ ಹಾಲು ಕರೆದು, ಚೊಂಬು ಕೆಳಗಿಟ್ಟು, ಯಾರ ಯಾರ ಮನೆಗೆ ಹೋಗಿದ್ದೆ, ಯಾರು ಎಂಥ ಸೀರೆ ಉಟ್ಟಿದ್ದರು, ಈ ಸಲ ಯಾರ ಎಳ್ಳು ಚೆನ್ನಾಗಿತ್ತು ಎಂದು ಒಂದೊಂದಾಗಿ ಕೇಳಿದರಂತೆ. ಅವರಿಗೂ ಆ ವರ್ಷ ಹಬ್ಬವಿರಲಿಲ್ಲ ಎಂಬುದು ನಮಗೆ ಯಾರಿಗೂ ಅಲ್ಲಿಯ ತನಕ ಹೊಳೆದಿರಲಿಲ್ಲ.

ಆದರೂ ಜೂನಿನಲ್ಲಿ ಅವಳನ್ನು ನಾಗಮಂಗಲಕ್ಕೆ ಕಳಿಸಿದರು. ನಿಜ ಹೇಳಿದ್ದಕ್ಕೆ ಕಳಿಸಿದರೋ, ಹೇಳದಿದ್ದರೂ ಕಳಿಸುತ್ತಿದ್ದರೋ ಎಂಬುದಕ್ಕೆ ನನ್ನಲ್ಲಿ ಆಧಾರವಿಲ್ಲ. ಎರಡೂ ಕಡೆಯಿಂದ ವಾದಿಸಿ ನೋಡಿದ್ದೇನೆ. ಮೊದಲನೆಯದರ ಪರವಾಗಿ ಮಾತಾಡಿದ ದಿನ ಅವಳ ಮೇಲೆ ಸಿಟ್ಟು ಬರುತ್ತದೆ, ವಿರುದ್ಧವಾಗಿ ಮಾತಾಡಿದ ದಿನ ಅವರಮ್ಮನ ಮೇಲೆ. ಬಸ್ಸು ಹೊರಡುವಾಗ ಸೌಮ್ಯ ಅವಳ ಜಡೆಯನ್ನು ಒಮ್ಮೆ ಎಳೆದಳು. ನಾನು ಗಿಣಿಯನ್ನು ಕಾಗದದಲ್ಲಿ ಸುತ್ತಿ ಕಿಟಕಿಯಿಂದ ಕೊಟ್ಟೆ. ಈ ಸಲವಾದರೂ ತಿನ್ನು ಎಂದೆ.

ತಿನ್ನಲಿಲ್ಲ. ಮುಂದಿನ ಸಂಕ್ರಾಂತಿಗೆ ಅವರ ಮನೆಯಲ್ಲಿ ಹಬ್ಬವಿತ್ತು. ನಾಗಮಂಗಲದಿಂದ ಸೌಮ್ಯಳ ಹೆಸರಿಗೆ ಒಂದು ಡಬ್ಬಿ ಬಂತು. ಅವಳೇ ಹುರಿದು ಬೆರೆಸಿದ ಎಳ್ಳು, ಮೇಲೆ ಗಿಣಿ. ಅದರ ಮುಂದಿನ ವರ್ಷ ಸೌಮ್ಯ ಅದನ್ನು ನನಗೆ ಕೊಟ್ಟಳು. ಅಲ್ಲಿಂದ ಅದು ನಮ್ಮ ಮೂವರ ನಡುವೆ ಸುತ್ತುತ್ತಲೇ ಇದೆ. ಸೌಮ್ಯ ಈಗ ಪಾಂಡವಪುರದಲ್ಲಿದ್ದಾಳೆ. ಅಜ್ಜಿಯ ಮರದ ಅಚ್ಚುಗಳು ಅವಳ ಪಾಲಿಗೆ ಬಂದಿವೆ. ಹಬ್ಬದ ತಿಂಗಳು ಆರ್ಡರಿನ ಮೇಲೆ ಅಚ್ಚು ಹುಯ್ದು ಕೊಡುತ್ತಾಳೆ, ಎಲ್ಲವೂ ಹಾಲಿನಂತೆ ಬೆಳ್ಳಗೆ. ಆ ಮೊದಲ ಗಿಣಿಯನ್ನು ಕಂಡರೆ ಅವಳಿಗೆ ನಾಚಿಕೆ, ಹೊಸದೊಂದು ಕೊಡುತ್ತೇನೆ ಇದನ್ನು ಬಿಸಾಕಿ ಎನ್ನುತ್ತಾಳೆ, ತನ್ನ ಸರದಿ ಬಂದಾಗ ಮಾತ್ರ ಡಬ್ಬಿಗೆ ಲವಂಗ ಹಾಕಿ ಇರುವೆ ಬಾರದಂತೆ ಕಾಯುತ್ತಾಳೆ. ನಾಗವೇಣಿ ಕೆ.ಆರ್. ಪೇಟೆಯ ಹತ್ತಿರದ ಶಾಲೆಯೊಂದರಲ್ಲಿ ಟೀಚರು. ಹೋಂವರ್ಕ್ ಮಾಡದವರು ಯಾರು ಎಂದು ಅವಳು ಕೇಳಿದಾಗ ಮಕ್ಕಳು ಎದ್ದು ನಿಲ್ಲುತ್ತಾರೆಯೇ ಎಂದು ಕೇಳಿದ್ದೆ. ನಿಲ್ಲುವವರನ್ನು ಕಂಡರೆ ಏನು ಮಾಡಬೇಕೆಂದೇ ತೋಚುವುದಿಲ್ಲ, ಕೂತುಕೋ ಎಂದುಬಿಡುತ್ತೇನೆ ಎಂದಳು.

ಊರಿನಲ್ಲಿರುವುದು ಒಂದೇ ಸೇರು ಎಳ್ಳು, ಅದನ್ನು ಯಾರೂ ತಿನ್ನುವುದಿಲ್ಲ, ಅದು ಸುಮ್ಮನೆ ಸುತ್ತುತ್ತದೆ ಎಂದು ತಾರಸಿಯ ಮೇಲೆ ಸಾಧಿಸಹೊರಟಿದ್ದೆನಲ್ಲ, ಆ ವಾದ ಈಗಲೂ ನನ್ನದೇ. ಆಧಾರ ನನ್ನ ಮೇಜಿನ ಮೇಲೆ ಕೂತಿದೆ. ಅದನ್ನು ಆಗ ಒಂದು ಆಪಾದನೆಯಂತೆ ಹೇಳಿದ್ದೆ, ಅಷ್ಟೆ.

ಇದನ್ನು ಬರೆಯುತ್ತಿರುವಾಗಲೇ ಫೋನು ಬಂತು. ಕೆ.ಆರ್. ಪೇಟೆಯಿಂದ. ಅವಳ ಹಿಂದೆ ಶಾಲೆಯ ಮಕ್ಕಳ ಗಲಾಟೆ. ನಮಸ್ಕಾರವಿಲ್ಲ, ಚೆನ್ನಾಗಿದ್ದೀಯಾ ಇಲ್ಲ.

"ಡಬ್ಬಿ ಬಂತೇನಮ್ಮಿ? ಗಿಣಿ ತಿಂದ್ಯಾ?"

ಗಿಣಿ ನನ್ನ ಎದುರಿಗೇ ಇತ್ತು. ಕೊಕ್ಕಿಲ್ಲ, ಬಾಲ ಅರ್ಧ, ಕಣ್ಣು ಮಾತ್ರ ನೆಟ್ಟಗೆ ನನ್ನ ಮೇಲೆ.

"ತಿಂದೆ ಕಣಮ್ಮಿ" ಎಂದೆ. "ಸಂದಾಗಿತ್ತು. ಕಣ್ಣು ಒಸಿ ಕಾರ."